ಹೊಸ ನಳಿಕೆಯನ್ನು ಪಳಗಿಸಲೇಬೇಕೇ?

ಕೊಡಗಿನಲ್ಲಿ ಕೋವಿ, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಇನ್ನೆರಡು ವಾರ ಎನ್ನುವಾಗ ನನ್ನ ದುರಸ್ತಿ ಅಂಗಡಿಯ ಮೇಜಿನ ಮೇಲೆ ಕೋವಿಗಳ ಸಾಲು ಬೆಳೆಯುತ್ತದೆ. ಹೆಚ್ಚಿನವು ಅಜ್ಜನ ಕಾಲದ ಜೋಡಿ ನಳಿಕೆಯ 12 ಬೋರ್ ಕೋವಿಗಳು. ಕಕ್ಕಡ ತಿಂಗಳ ಮಳೆಗೆ ಹಿಡಿದ ತುಕ್ಕನ್ನು ತೆಗೆದು, ಎಣ್ಣೆ ಒರೆಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುಕೋಣೆಯ ದೀಪದ ಬಳಿ, ತೋಕ್‌ಪೂ ಹೂ ಮುಡಿಸಿ ಇಡುವ ಹಾಗೆ ಮಾಡಿಕೊಟ್ಟರೆ ಆ ಮನೆಯವರಿಗೆ ಸಮಾಧಾನ. ಕಳೆದ ವರ್ಷ ಆ ಸಾಲಿನಲ್ಲಿ ಹೊಚ್ಚ ಹೊಸ .22 ರೈಫಲ್ ಒಂದಿತ್ತು. ಅದನ್ನು ತಂದ ನಾಪೋಕ್ಲು ಕಡೆಯ ಯುವಕನ ಮುಖದಲ್ಲಿ ಹೊಸ ವಸ್ತು ಕೊಂಡವನ ಕಳೆ ಇರಲಿಲ್ಲ. "ಅಣ್ಣಾ, ನಳಿಕೆಯನ್ನು ಕ್ರಮವಾಗಿ ಪಳಗಿಸಿದ್ದೇನೆ. ಒಂದು ಗುಂಡು ಹೊಡೆದು ಒಮ್ಮೆ ಒರೆಸಿ, ಹೀಗೆ 50 ಗುಂಡು ಮುಗಿಸಿದೆ. ಆದರೂ 50 ಮೀಟರಿನಲ್ಲಿ ಗುರಿಗಿಟ್ಟ ತೆಂಗಿನಕಾಯಿ ಗುಂಡಿಗೆ ಸಿಗುತ್ತಿಲ್ಲ" ಎಂದ. ಅವನು ಪಟ್ಟ ಶ್ರಮವೇ ಅವನ ತೊಂದರೆಯ ಅರ್ಧ ಭಾಗವಾಗಿತ್ತು ಎಂಬುದನ್ನು ಹೇಳಲು ನನಗೆ ಸಂಕೋಚವಾಯಿತು.

ಪಳಗಿಸುವುದು ಎಂಬ ಮಾತನ್ನು ನಮ್ಮಲ್ಲಿ ದುಬಾರೆಯ ಆನೆಗಳ ವಿಷಯದಲ್ಲಿ ಹೇಳುತ್ತೇವೆ. ನಳಿಕೆಗೆ ಅದೇ ಮಾತನ್ನು ಅಂಟಿಸಿದ ಕೂಡಲೇ, ಒಳಗೆ ಏನೋ ಒಂದು ಒರಟುತನವಿದೆ, ಅದನ್ನು ಮಣಿಸಿದರೆ ಗುಂಡು ನೆಟ್ಟಗೆ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ಒರಟುತನ ಇರುವುದು ನಿಜ. ಅದು ಎಲ್ಲಿದೆ, ಎಷ್ಟಿದೆ ಮತ್ತು ಯಾವ ಬಗೆಯ ಗುಂಡಿಗೆ ಅದರಿಂದ ತೊಂದರೆ ಎಂಬುದನ್ನು ತಿಳಿದುಕೊಳ್ಳದೆ ತೋಟೆ ಸುಡುವುದು ಮಾತ್ರ ವ್ಯರ್ಥ.

ನಳಿಕೆಯ ಒಳಗಿನ ಸುರುಳಿ ಗೀರುಗಳನ್ನು, ಅಂದರೆ ರೈಫ್ಲಿಂಗನ್ನು, ಮುಖ್ಯವಾಗಿ ಮೂರು ವಿಧಾನಗಳಲ್ಲಿ ಮಾಡುತ್ತಾರೆ: ಉಳಿಯಂಥ ಕೊರೆಯುವ ಉಪಕರಣದಿಂದ ಪದರಪದರವಾಗಿ ಕೆತ್ತುವುದು, ಗಟ್ಟಿ ಲೋಹದ ಬಟನ್ ಒಂದನ್ನು ತೂತಿನೊಳಗೆ ಎಳೆದು ಅಥವಾ ತಳ್ಳಿ ಗೀರು ಒತ್ತುವುದು, ಮತ್ತು ಅಚ್ಚಿನ ಕಂಬಿಯ ಸುತ್ತ ಉಕ್ಕನ್ನು ಸುತ್ತಿಗೆಯಂತ್ರದಿಂದ ಬಡಿದು ರೂಪಿಸುವುದು. ಬೆಲೆಬಾಳುವ ನಳಿಕೆಯಾದರೆ ಇದಾದ ಮೇಲೆ ಸೀಸದ ಎರಕದ ತುಂಡಿಗೆ ಉಜ್ಜುಪುಡಿ ಸವರಿ, ಒಳಮೈಯನ್ನು ಕೈಯಿಂದಲೇ ಉದ್ದಕ್ಕೂ ತಿಕ್ಕಿ ನಯ ಮಾಡುತ್ತಾರೆ. ಆಗ ಉಳಿಯುವ ಸೂಕ್ಷ್ಮ ಗೆರೆಗಳು ಗುಂಡು ಸಾಗುವ ದಿಕ್ಕಿನಲ್ಲೇ ಇರುವುದರಿಂದ ಗುಂಡಿಗೆ ಅವುಗಳಿಂದ ಹೆಚ್ಚಿನ ಅಡ್ಡಿಯಿಲ್ಲ. ಆದರೆ ತೋಟೆ ಕೂರುವ ಚೇಂಬರನ್ನು ಕೊರೆಯುವುದು ಎಲ್ಲಕ್ಕೂ ಕೊನೆಯಲ್ಲಿ, ಮತ್ತು ಅದನ್ನು ಕೊರೆಯುವ ರೀಮರ್ ಸುತ್ತುತ್ತಾ ಮುಂದೆ ಸಾಗುತ್ತದೆ. ಹೀಗಾಗಿ ಚೇಂಬರ್ ಮುಗಿದು ರೈಫ್ಲಿಂಗ್ ಆರಂಭವಾಗುವ ಗಂಟಲಿನಲ್ಲಿ ಅದು ಬಿಟ್ಟ ಗೆರೆಗಳು ಗುಂಡಿನ ದಾರಿಗೆ ಅಡ್ಡಲಾಗಿ ನಿಲ್ಲುತ್ತವೆ. ತುರಿಯುವ ಮಣೆಯ ಮೇಲೆ ತೆಂಗಿನಕಾಯಿಯನ್ನು ಆಡಿಸಿದಾಗ ಆಗುವುದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಊಹಿಸಿಕೊಳ್ಳಿ.

.315 ಅಥವಾ .30-06ರಂತಹ ದೊಡ್ಡ ರೈಫಲ್ಲಿನ ಗುಂಡಿಗೆ ತಾಮ್ರದ ಹೊದಿಕೆ ಇರುತ್ತದೆ. ಸಾಮಾನ್ಯವಾಗಿ ಅದು ನೂರಕ್ಕೆ ತೊಂಬತ್ತೈದರ ಆಸುಪಾಸು ತಾಮ್ರ, ಉಳಿದದ್ದು ಸತು. ಗಂಟಲಿನ ಅಡ್ಡಗೆರೆಗಳು ಈ ಹೊದಿಕೆಯನ್ನು ಕೆರೆಯುತ್ತವೆ. ಹೀಗೆ ಕೆರೆದು ಬಂದ ತಾಮ್ರ, ತನ್ನ ಕರಗುವ ಬಿಂದುವಾದ 1085 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟೋ ಹೆಚ್ಚು ಬಿಸಿಯಾದ ಮದ್ದಿನ ಅನಿಲದಲ್ಲಿ ಸೇರಿ, ಗುಂಡಿನ ಹಿಂದೆಯೇ ಸಾಗಿ, ನಳಿಕೆಯ ಮುಂದಿನ ಭಾಗದಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಮುಂದಿನ ಗುಂಡು ಆ ತಾಮ್ರದ ಮೇಲೆಯೇ ಹಾದು ಇನ್ನಷ್ಟು ತಾಮ್ರವನ್ನು ಅಲ್ಲಿ ಬಿಡುತ್ತದೆ. ನಳಿಕೆಗೆ ಹೆಸರಾದ ಅಮೆರಿಕದ ಕ್ರೀಗರ್ ಸಂಸ್ಥೆಯವರು ಪಳಗಿಸುವಿಕೆಯನ್ನು ವಿವರಿಸುವುದು ಹೀಗೆಯೇ: ಕೈಯಿಂದ ತಿಕ್ಕಿದ ನಳಿಕೆಯಲ್ಲಿ ನಯವಾಗಬೇಕಾದದ್ದು ನಳಿಕೆಯಲ್ಲ, ಅದರ ಗಂಟಲು. ಮೊದಲ ಕೆಲವು ಗುಂಡುಗಳು ಆ ಅಡ್ಡಗೆರೆಗಳ ಚೂಪನ್ನು ಮುರಿಯುತ್ತವೆ. ನಡುನಡುವೆ ತಾಮ್ರವನ್ನು ತೊಳೆದರೆ ಪ್ರತಿ ಗುಂಡೂ ಉಕ್ಕನ್ನೇ ಉಜ್ಜುತ್ತದೆ, ತೊಳೆಯದಿದ್ದರೆ ತಾಮ್ರವನ್ನು ಉಜ್ಜುತ್ತಾ ಹೋಗುತ್ತದೆ. ಪಳಗಿಸುವುದರ ತರ್ಕ ಇಷ್ಟೇ.

ತಾಮ್ರ ಹೊದಿಕೆಯ ಗುಂಡಿನ ಹೊಸ ರೈಫಲ್ ಇದ್ದವರಿಗೆ ನಾನು ಹೇಳುವ ಕ್ರಮ ಸರಳ. ಕಾರ್ಖಾನೆಯಿಂದ ಬಂದ ನಳಿಕೆಯೊಳಗೆ ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ಇರುತ್ತದೆ. ಅದನ್ನು ಪೂರ್ತಿ ತೆಗೆದು, ನಳಿಕೆ ಮತ್ತು ಚೇಂಬರನ್ನು ಒಣಗಿಸದೆ ಒಂದು ಗುಂಡನ್ನೂ ಹಾರಿಸಬಾರದು. ಆ ಬಳಿಕ ಪರವಾನಗಿ ಇರುವ ರೇಂಜಿನಲ್ಲಿ, ಆತುರವಿಲ್ಲದ ದಿನ, ಒಂದು ಗುಂಡು ಹಾರಿಸಿ ತಾಮ್ರ ಕರಗಿಸುವ ದ್ರಾವಣದಿಂದ ತೊಳೆಯಬೇಕು. ಹೀಗೆ ಐದು ಸಲ. ತಾಮ್ರವಿದ್ದರೆ ಒರೆಸಿದ ಬಟ್ಟೆ ನೀಲಿ ಅಥವಾ ನೀಲಿಹಸಿರು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಒಂದು ಮೋಸವಿದೆ: ಹಿತ್ತಾಳೆಯ ಜ್ಯಾಗ್ (ಸರಳಿನ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡು) ಅಥವಾ ಕಂಚಿನ ಬ್ರಷ್ ಬಳಸಿದರೆ ದ್ರಾವಣ ಅದನ್ನೂ ಕರಗಿಸಿ ಬಟ್ಟೆಯನ್ನು ನೀಲಿ ಮಾಡುತ್ತದೆ, ನಳಿಕೆ ಶುದ್ಧವಾಗಿದ್ದರೂ ಪಾಪ, ಮಾಲೀಕರು ಸಂಜೆಯವರೆಗೆ ತಿಕ್ಕುತ್ತಲೇ ಇರುತ್ತಾರೆ. ಐದು ಸಲ ಮುಗಿದ ಮೇಲೆ ಮೂರು ಗುಂಡಿಗೊಮ್ಮೆ ತೊಳೆಯುತ್ತಾ ನಾಲ್ಕೈದು ಸುತ್ತು ಸಾಗಬಹುದು. ಎಷ್ಟು ಗುಂಡು ಎಂಬುದನ್ನು ಪುಸ್ತಕ ನಿರ್ಧರಿಸಬಾರದು, ಬಟ್ಟೆ ನಿರ್ಧರಿಸಬೇಕು. ಬಟ್ಟೆಯ ನೀಲಿ ಥಟ್ಟನೆ ತಗ್ಗಿತೆಂದರೆ ಗಂಟಲು ನಯವಾಯಿತು ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಒಳ್ಳೆಯ ನಳಿಕೆಯಲ್ಲಿ ಅದು ಮೂರನೆಯ ಗುಂಡಿಗೇ ಆಗಬಹುದು. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ನಳಿಕೆ ಸ್ಟೇನ್‌ಲೆಸ್ ಉಕ್ಕಿನದ್ದಕ್ಕಿಂತ ಸ್ವಲ್ಪ ಹೆಚ್ಚು ಸಮಯ ಕೇಳುತ್ತದೆ. ಅಮೋನಿಯಾ ಇರುವ ದ್ರಾವಣವನ್ನು ನಳಿಕೆಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಶೀಸೆಯ ಮೇಲೆ ಬರೆದಷ್ಟೇ ನಿಮಿಷ ಬಿಟ್ಟು, ಪೂರ್ತಿ ಒರೆಸಿ ತೆಗೆಯಿರಿ.

ಇದರಿಂದ ನಿಖರತೆ ಹೆಚ್ಚುತ್ತದೆಯೇ ಎಂದು ಕೇಳಿದರೆ ನನ್ನ ಉತ್ತರ ಹಲವರಿಗೆ ಇಷ್ಟವಾಗುವುದಿಲ್ಲ. ಪಳಗಿಸಿದ ನಳಿಕೆಯನ್ನು ತೊಳೆಯುವುದು ಸುಲಭ. ತಾಮ್ರ ನಿಧಾನವಾಗಿ ಕಟ್ಟಿಕೊಳ್ಳುವುದರಿಂದ ಹೆಚ್ಚು ಗುಂಡುಗಳವರೆಗೆ ಅದು ತನ್ನ ನಡತೆಯನ್ನು ಉಳಿಸಿಕೊಳ್ಳುತ್ತದೆ. ಇಷ್ಟನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ. ಅದಕ್ಕೂ ಮೀರಿ, ಪಳಗಿಸಿದ್ದರಿಂದಲೇ ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ಗುಂಪು) ಚಿಕ್ಕದಾಯಿತು ಎಂದು ಸಾಧಿಸುವುದು ಬಹಳ ಕಷ್ಟ, ಏಕೆಂದರೆ ಒಂದೇ ನಳಿಕೆಯನ್ನು ಒಮ್ಮೆ ಪಳಗಿಸಿ, ಮತ್ತೆ ಹೊಸದಾಗಿಸಿ, ಪಳಗಿಸದೆ ಹೊಡೆದು ಹೋಲಿಸಿ ನೋಡುವ ಉಪಾಯವೇ ಇಲ್ಲ. ಮೊದಲ ದಿನದ ಮೂರು ಗುಂಡಿನ ಗ್ರೂಪನ್ನು ಎರಡನೆಯ ದಿನದ ಮೂರು ಗುಂಡಿನ ಗ್ರೂಪಿನೊಂದಿಗೆ ಹೋಲಿಸಿ ಜನ ಸಂತೋಷಪಡುತ್ತಾರೆ. ಆದರೆ ಮೂರು ಗುಂಡು ಅದೃಷ್ಟದಿಂದಲೂ ಒಂದೇ ಕಡೆ ಬೀಳಬಹುದು, ಹತ್ತು ಗುಂಡು ಹಾರಿಸಿದಾಗಲೇ ಕೋವಿಯ ನಿಜಸ್ವರೂಪ ಕಾಣುವುದು. ಇದರ ಜೊತೆಗೆ ಹೊಸ ನಳಿಕೆಯಲ್ಲಿ ಮೊದಲ ನೂರು ನೂರೈವತ್ತು ಗುಂಡುಗಳ ಅವಧಿಯಲ್ಲಿ ಗುಂಡಿನ ವೇಗವೇ ಸ್ವಲ್ಪ ಏರಿ ಆಮೇಲೆ ನೆಲೆಗೊಳ್ಳುವುದುಂಟು. ಆ ಬದಲಾವಣೆಯ ಕೀರ್ತಿಯೂ ಪಳಗಿಸುವಿಕೆಯ ಖಾತೆಗೆ ಜಮೆಯಾಗಿಬಿಡುತ್ತದೆ. ನಳಿಕೆ ತಯಾರಿಸುವವರಲ್ಲೇ ಈ ವಿಷಯದಲ್ಲಿ ಎರಡು ಪಂಗಡಗಳಿವೆ. ಸುಮ್ಮನೆ ನಳಿಕೆಯ ಆಯುಷ್ಯವನ್ನು ಸವೆಸುವ ಕೆಲಸ ಎಂದು ನೇರವಾಗಿ ಹೇಳುವವರೂ ಇದ್ದಾರೆ. ನಾನು ನಡುವಿನವನು: 20 ಗುಂಡಿನವರೆಗೆ ಒಪ್ಪುತ್ತೇನೆ, 100 ಗುಂಡಿನ ವ್ರತವನ್ನು ಒಪ್ಪುವುದಿಲ್ಲ. ತೋಟೆಯ ಬೆಲೆಯನ್ನೂ ಅದನ್ನು ಇಟ್ಟುಕೊಳ್ಳಲು ಕಾನೂನು ಹಾಕಿರುವ ಮಿತಿಯನ್ನೂ ನೋಡಿದರೆ ಆ ಗುಂಡುಗಳು ಅಭ್ಯಾಸಕ್ಕೆ ಸಲ್ಲಬೇಕಾದವು. ಉಜ್ಜುಪುಡಿ ಸವರಿದ ಗುಂಡು ಹಾರಿಸಿ ನಯ ಮಾಡುವ ವಿಧಾನವನ್ನಂತೂ ಹೊಸ ರೈಫಲ್ಲಿಗೆ ಯಾರೂ ಮಾಡಬೇಡಿ. ಅದು ಬೇಕಾದ ಕಡೆ ಬೇಕಾದಷ್ಟೇ ಸವೆಸಿ ನಿಲ್ಲುವುದಿಲ್ಲ.

ಈಗ .22ರ ವಿಷಯ. ಕೊಡಗಿನಲ್ಲಿ ರೈಫಲ್ ಎಂದರೆ ಬಹುಪಾಲು ಇದೇ, ಹಬ್ಬದ ತೆಂಗಿನಕಾಯಿ ಸ್ಪರ್ಧೆಗೂ ಇದೇ. ಅಭ್ಯಾಸಕ್ಕೂ ಸ್ಪರ್ಧೆಗೂ ಬಳಸುವ .22 ತೋಟೆಯ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಬರಿಯ ಸೀಸ. ಅದರ ಮೇಲೆ ಇರುವುದು ಮೇಣದಂಥ ತೆಳು ಲೇಪ, ತಾಮ್ರದ ಹೊದಿಕೆಯಲ್ಲ. ಮೇಲೆ ಹೇಳಿದ ತಾಮ್ರದ ಕಥೆ ಇದಕ್ಕೆ ಅನ್ವಯಿಸುವುದೇ ಇಲ್ಲ. ಇಲ್ಲಿ ಆಗಬೇಕಾದದ್ದು ಅದರ ತದ್ವಿರುದ್ಧ: ಗುಂಡಿನ ಮೇಲಿನ ಮೇಣ ನಳಿಕೆಯ ಉದ್ದಕ್ಕೂ ಸಮನಾಗಿ ಹರಡಿ ಒಂದು ಪದರವಾಗಬೇಕು. ಹೊಸ ದೋಸೆಕಾವಲಿಗೆ ಎಣ್ಣೆ ಕೂರುವ ಹಾಗೆ. ಶುಭ್ರವಾಗಿ ತೊಳೆದ ನಳಿಕೆಯಲ್ಲಿ ಆ ಪದರ ನೆಲೆಗೊಳ್ಳಲು ಹತ್ತರಿಂದ ಮೂವತ್ತು ಗುಂಡು ಬೇಕಾಗುತ್ತದೆ, ತೋಟೆಯ ಬ್ರಾಂಡ್ ಬದಲಿಸಿದರೆ ಮತ್ತೆ ಅಷ್ಟೇ ಬೇಕು. ನನ್ನ ಯುವಮಿತ್ರ ಪ್ರತಿ ಗುಂಡಿನ ಬಳಿಕವೂ ದ್ರಾವಣ ಹಾಕಿ ಒರೆಸಿದ್ದರಿಂದ, ಅವನು ಹಾರಿಸಿದ 50 ಗುಂಡುಗಳೂ ಎಣ್ಣೆ ಕೂರದ ಕಾವಲಿಯ ಮೇಲೆ ಹುಯ್ದ ಮೊದಲ ದೋಸೆಗಳೇ ಆಗಿದ್ದವು. ರೇಂಜಿನಲ್ಲಿ ಅವನ ಕೈಯಿಂದ ದ್ರಾವಣದ ಶೀಸೆ ತೆಗೆದುಕೊಂಡು, ಒಂದೇ ಪೆಟ್ಟಿಗೆಯ 30 ಗುಂಡುಗಳನ್ನು ಒರೆಸದೆ ಹಾರಿಸಲು ಹೇಳಿದೆ. ಕೊನೆಯ ಹತ್ತು ಗುಂಡುಗಳು ಮೊದಲ ಹತ್ತಕ್ಕಿಂತ ಒತ್ತಾಗಿ ಬಿದ್ದವು.

ಹಾಗೆಂದು .22 ನಳಿಕೆಯನ್ನು ತೊಳೆಯಲೇಬಾರದು ಎಂದಲ್ಲ. ಚೇಂಬರಿನ ಮುಂದಿನ ಅಂಚಿನಲ್ಲಿ ಮಸಿ ಗಟ್ಟಿಯಾಗಿ ಬಳೆಯಂತೆ ಕಟ್ಟುತ್ತದೆ. ಅದನ್ನು ತೆಗೆಯದಿದ್ದರೆ ತೋಟೆ ಬಿಗಿಯಾಗುತ್ತದೆ, ಗ್ರೂಪ್ ಹರಡುತ್ತದೆ. ಇನ್ನು ತೋಟೆಯ ಆಯ್ಕೆಯಿಂದ ಆಗುವ ವ್ಯತ್ಯಾಸದ ಮುಂದೆ ಪಳಗಿಸುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಎಲೀ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಲಾಪುವಾ ಜರ್ಮನಿಯ ಶೋನೆಬೆಕ್‌ನಲ್ಲಿ, ಸ್ಪರ್ಧಿಗಳ ರೈಫಲ್ಲನ್ನು ಬಿಗಿದು ನಿಲ್ಲಿಸಿ, ಬೇರೆ ಬೇರೆ ಬ್ಯಾಚಿನ ತೋಟೆಗಳನ್ನು ಹಾರಿಸಿ, ಆ ನಳಿಕೆಗೆ ಒಗ್ಗುವ ಬ್ಯಾಚನ್ನು ಹುಡುಕಿಕೊಡುತ್ತವೆ. ಒಂದೇ ಹೆಸರಿನ, ಒಂದೇ ಬೆಲೆಯ ತೋಟೆಯಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಅಷ್ಟು ಅಂತರವಿದೆ. ನಮ್ಮ ಮಟ್ಟಿಗೆ, ಸಿಕ್ಕ ಎರಡು ಮೂರು ಬಗೆಯಲ್ಲಿ ಹತ್ತು ಹತ್ತು ಗುಂಡು ಹಾರಿಸಿ ನೋಡಿ, ಒಗ್ಗಿದ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು.

12 ಬೋರ್ ಕೋವಿಗೆ ಪಳಗಿಸುವ ಪ್ರಶ್ನೆಯೇ ಇಲ್ಲ. ಅದರ ನಳಿಕೆ ನುಣುಪು, ರೈಫ್ಲಿಂಗೇ ಇಲ್ಲ. ಹೊಸತನ್ನು ಕೊಂಡವರು ದೊಡ್ಡ ಕಾಗದ ಕಟ್ಟಿ, ಚರೆ ಹೇಗೆ ಹರಡುತ್ತದೆ ಎಂದು ನೋಡಿಕೊಳ್ಳಲಿ.

ತೆಂಗಿನಕಾಯಿ ಸಿಗದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು, ಮತ್ತು ನನ್ನ ಅನುಭವದಲ್ಲಿ ಅದೇ ದೊಡ್ಡದು. ಸ್ವಲ್ಪ ಲೆಕ್ಕ ಹಾಕಿ. ತೆಂಗಿನಕಾಯಿಯ ಅಗಲ ಹತ್ತು ಸೆಂಟಿಮೀಟರಿಗೆ ಕಡಿಮೆಯಿರುವುದಿಲ್ಲ. ಸಾಧಾರಣ .22 ರೈಫಲ್ ಕೂಡ 50 ಮೀಟರಿನಲ್ಲಿ ಅದರ ಅರ್ಧದೊಳಗೆ ಹತ್ತು ಗುಂಡು ಹಾಕಬಲ್ಲದು. ನಳಿಕೆಯ ನಯಗಾರಿಕೆಯಿಂದ ಬರುವ ವ್ಯತ್ಯಾಸ ಮಿಲಿಮೀಟರುಗಳದ್ದು. ಮಿಲಿಮೀಟರಿನಿಂದ ಕಾಯಿ ತಪ್ಪುವುದಿಲ್ಲ. ತಪ್ಪುತ್ತಿದೆ ಎಂದರೆ ಎಲ್ಲೋ ಏನೋ ಸಡಿಲವಿದೆ, ಇಲ್ಲವೇ ಕುದುರೆ (ಟ್ರಿಗರ್) ಎಳೆಯುವ ಬೆರಳು ತಡವರಿಸುತ್ತಿದೆ. ಆ ರೈಫಲ್ಲನ್ನು ಬಿಚ್ಚಿದಾಗ, ನಳಿಕೆಯ ಜೋಡಣೆಯನ್ನು ಮರದ ಹಿಡಿಗೆ, ಅಂದರೆ ಸ್ಟಾಕಿಗೆ, ಬಿಗಿಯುವ ಮುಂದಿನ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿತ್ತು. ಮರದ ಒಂದು ಬದಿ ನಳಿಕೆಯನ್ನು ಒತ್ತುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ಇದು ಅಪರೂಪವಲ್ಲ. ಒಣ ಊರಿನಲ್ಲಿ ತಯಾರಾದ ಮರದ ಸ್ಟಾಕ್ ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ತೇವ ಕುಡಿದು ಉಬ್ಬುತ್ತದೆ, ಡಿಸೆಂಬರ್ ಬಂದಾಗ ಕುಗ್ಗುತ್ತದೆ. ಸ್ಕ್ರೂವಿನ ಬಿಗಿಯೂ ಅದರೊಂದಿಗೆ ಏರಿಳಿಯುತ್ತದೆ. ಮಡಿಕೇರಿಯ ಮಳೆಯಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಳಿಕೆ ಮರಕ್ಕೆ ತಾಗದಂತೆ ಬಿಡುವಿಟ್ಟು ಮಾಡಿದ ರೈಫಲ್ಲಾದರೆ, ಒಂದು ಕಾಗದದ ಪಟ್ಟಿಯನ್ನು ಎರಡರ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮರ ತಾಗುತ್ತಿದೆ. ಆ ಜಾಗವನ್ನು ತಾವೇ ಚಾಕುವಿನಿಂದ ಕೆತ್ತಿಕೊಂಡು ಬಂದ ಒಬ್ಬರ ಸ್ಟಾಕನ್ನು ಸರಿಪಡಿಸಲು ನನಗೆ ಎರಡು ದಿನ ಹಿಡಿಯಿತು.

ಪಳಗಿಸುವ ಭರದಲ್ಲಿ ನಳಿಕೆ ಕೆಡುವುದು ಹೆಚ್ಚಾಗಿ ಗುಂಡಿನಿಂದಲ್ಲ, ಒರೆಸುವ ಸರಳಿನಿಂದ. ತಿರುಪು ಹಾಕಿ ಜೋಡಿಸುವ ತುಂಡುಸರಳು ಬಾಗುತ್ತದೆ, ಬಾಗಿದಾಗ ಒಳಗೋಡೆಗೆ ಉಜ್ಜುತ್ತದೆ. ಮೂತಿಯ ಕಡೆಯಿಂದ ಅದನ್ನು ತೂರಿಸಿದರೆ, ಗುಂಡು ನಳಿಕೆಯನ್ನು ಕೊನೆಯದಾಗಿ ಮುಟ್ಟಿ ಬಿಡುವ ಅಂಚಿಗೇ ಪೆಟ್ಟು. ಆ ಅಂಚು ಒಂದು ಕಡೆ ಸವೆದರೆ, ಹಿಂದಿನಿಂದ ನುಗ್ಗುವ ಅನಿಲ ಆ ಕಡೆಯಿಂದ ಮೊದಲು ಹೊರಬಿದ್ದು ಗುಂಡನ್ನು ಓರೆ ತಳ್ಳುತ್ತದೆ. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ತೆಗೆಯಬಹುದಾದ ರೈಫಲ್ಲನ್ನು ಯಾವಾಗಲೂ ಚೇಂಬರಿನ ಕಡೆಯಿಂದ, ಒಂದೇ ಉದ್ದದ ಸರಳಿನಿಂದ, ಸರಳನ್ನು ನೇರವಾಗಿ ಸಾಗಿಸುವ ಬೋರ್ ಗೈಡ್ ಕೊಳವೆ ಹಾಕಿ ಒರೆಸಿ. ಬಟ್ಟೆ ಮೂತಿಯಿಂದ ಹೊರಬಂದ ಮೇಲೆ ಅದನ್ನು ಕಳಚಿ ಸರಳನ್ನು ಹಿಂದಕ್ಕೆ ಎಳೆದುಕೊಳ್ಳಿ.

ಕೊನೆಯದಾಗಿ ಎಣ್ಣೆಯ ಮಾತು. ಕಕ್ಕಡದಲ್ಲಿ ಕೋವಿಯನ್ನು ಎಣ್ಣೆಯಿಲ್ಲದೆ ಇಟ್ಟರೆ ತುಕ್ಕು ವಾರದೊಳಗೆ ಬರುತ್ತದೆ. ಚರ್ಮದ ಅಥವಾ ಬಟ್ಟೆಯ ಚೀಲದೊಳಗೆ ಕಟ್ಟಿಟ್ಟರೆ ಇನ್ನೂ ಬೇಗ, ಏಕೆಂದರೆ ಚೀಲ ತೇವವನ್ನು ಹೀರಿ ಕೋವಿಗೇ ಒತ್ತಿ ಹಿಡಿದಿರುತ್ತದೆ. ಎಣ್ಣೆ ಹಚ್ಚಿ, ಗಾಳಿಯಾಡುವ ಒಣ ಕಪಾಟಿನಲ್ಲಿ ಬೀಗ ಹಾಕಿಡಿ. ಆದರೆ ಸ್ಪರ್ಧೆಯ ಬೆಳಿಗ್ಗೆ ಆ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಎಣ್ಣೆಯಿರುವ ನಳಿಕೆಯ ಮೊದಲ ಗುಂಡು ಉಳಿದವುಗಳ ಜೊತೆ ಬೀಳುವುದಿಲ್ಲ, ದೊಡ್ಡ ರೈಫಲ್ಲಿನಲ್ಲಿ ಚೇಂಬರಿನ ಎಣ್ಣೆ ಬೋಲ್ಟಿನ ಮೇಲೆ ಹೆಚ್ಚಿನ ಒತ್ತಡ ಹಾಕುತ್ತದೆ. ನಾಪೋಕ್ಲುವಿನ ಆ ಯುವಕನಿಗೆ ರೈಫಲ್ಲಿನ ಜೊತೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, ತಾರೀಖು, ಬ್ಯಾಚ್, ಹಾರಿಸಿದ ಗುಂಡಿನ ಸಂಖ್ಯೆ, ಒರೆಸಿದ ದಿನ, ಸ್ಕ್ರೂ ನೋಡಿದ ದಿನ ಇಷ್ಟನ್ನು ಬರೆಯಲು ಹೇಳಿದ್ದೇನೆ. ಈ ಸಲ ಹಬ್ಬಕ್ಕೆ ಮುಂಚೆ ಬರುವಾಗ ಅದನ್ನೂ ತರಬೇಕು ಎಂಬುದು ನಮ್ಮ ಕರಾರು.