ಮುಹಮ್ಮದ್ ಎಂಬ ಹೆಸರನ್ನು ಎಣಿಸುವುದು ಹೇಗೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಮುಹಮ್ಮದ್. ಒಟ್ಟು 4,661 ಮಕ್ಕಳು. ಅದಕ್ಕೂ ಮುಂಚೆ ಮೊದಲ ಸ್ಥಾನದಲ್ಲಿದ್ದ ನೋವಾ ಎರಡಕ್ಕಿಳಿಯಿತು. ಅದೇ ಪಟ್ಟಿಯ ಮೊದಲ ನೂರು ಹೆಸರುಗಳಲ್ಲಿ ಕೆಳಗೆ ಹೋದರೆ ಇದೇ ಹೆಸರು ಬೇರೆ ಸ್ಪೆಲ್ಲಿಂಗ್‌ಗಳಲ್ಲಿ ಇನ್ನೆರಡು ಸಲ ಸಿಗುತ್ತದೆ. ಏಕೆಂದರೆ ಅಲ್ಲಿನ ಅಂಕಿಅಂಶ ಕಚೇರಿ ಒಂದೊಂದು ಸ್ಪೆಲ್ಲಿಂಗನ್ನೂ ಒಂದೊಂದು ಹೆಸರೆಂದೇ ಎಣಿಸುತ್ತದೆ.

ಇಷ್ಟೊಂದು ಸ್ಪೆಲ್ಲಿಂಗ್ ಎಲ್ಲಿಂದ ಬಂತು? ಅರಬ್ಬಿಯಲ್ಲಿ ಈ ಹೆಸರಿಗೆ ನಾಲ್ಕೇ ಅಕ್ಷರ: ಮೀಮ್, ಹಾ, ಮೀಮ್, ದಾಲ್. ಅ, ಇ, ಉ ಇಂಥ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವರು ತುಂಬಿಕೊಳ್ಳುತ್ತಾರೆ. ಹೆಸರು ದೇಶ ದಾಟಿದಾಗ ಆಯಾ ನುಡಿಯವರು ತಮ್ಮ ನಾಲಿಗೆಗೆ ಒಗ್ಗುವಂತೆ ತುಂಬಿಕೊಂಡರು. ತುರ್ಕಿಯಲ್ಲಿ ಮೆಹ್ಮೆತ್ ಆಯಿತು, ಸೆನೆಗಲ್‌ನಲ್ಲಿ ಮಮಾದು, ಮಲಬಾರಿನಲ್ಲಿ ಮಮ್ಮದ್. ಗೋಳಗುಮ್ಮಟದಲ್ಲಿ ಮಲಗಿರುವ ಬಿಜಾಪುರದ ಸುಲ್ತಾನನ ಹೆಸರನ್ನೇ ನೋಡಿ. ನಮ್ಮಲ್ಲಿ ಒಬ್ಬರು ಮಹಮದ್ ಎಂದು ಬರೆದರೆ ಇನ್ನೊಬ್ಬರು ಮಹಮ್ಮದ್, ಮತ್ತೊಬ್ಬರು ಮೊಹಮ್ಮದ್ ಎನ್ನುತ್ತಾರೆ.

ಹೆಸರಿನ ಒಳಗಿರುವ ಮೂಲ ಹ-ಮ-ದ ಎಂಬ ಮೂರು ವ್ಯಂಜನ. ಅದರ ಅರ್ಥ ಹೊಗಳಿಕೆ. ಕನ್ನಡದಲ್ಲಿ ಪದದ ಕೊನೆಗೆ ಪ್ರತ್ಯಯ ಸೇರಿಸುತ್ತೇವೆ. ಅರಬ್ಬಿಯಲ್ಲಿ ಹೆಚ್ಚಾಗಿ ಪದದ ಒಳಗೇ ಸ್ವರ ಬದಲಾಗುತ್ತದೆ. ವಕೀಲ, ವಕಾಲತ್ತು ಎಂಬ ಕೋರ್ಟಿನ ಪದಗಳನ್ನು ಬಾಯಲ್ಲಿ ಆಡಿ ನೋಡಿ. ಎರಡರಲ್ಲೂ ಅದೇ ವ-ಕ-ಲ ಇದೆ. ಬಗರ್ ಹುಕುಂನ ಹುಕುಂ, ಔಷಧಿ ಕೊಡುವ ಹಕೀಮ ಕೂಡ ಹೀಗೆಯೇ, ಹ-ಕ-ಮದ ಮಕ್ಕಳು. ಹ-ಮ-ದದಿಂದ ಹುಟ್ಟಿದ ಹೆಸರುಗಳು ಜಾಸ್ತಿ. ಹಾಮಿದ್ ಎಂದರೆ ಹೊಗಳುವವನು. ಮಹಮೂದ್ ಎಂದರೆ ಹೊಗಳಿಸಿಕೊಂಡವನು. ಅಹ್ಮದ್ ಎಂದರೆ ಎಲ್ಲರಿಗಿಂತ ಹೆಚ್ಚು ಹೊಗಳಿಕೆಗೆ ತಕ್ಕವನು. ನಮ್ಮ ಕವಿ ನಿಸಾರ್ ಅಹಮದರ ಹೆಸರಿನಲ್ಲಿರುವುದು ಇದೇ. ಮುಹಮ್ಮದ್‌ನಲ್ಲಿ ನಡುವಿನ ಮ ಇಮ್ಮಡಿಯಾಗುತ್ತದೆ, ಅದರ ಜೊತೆ ಅರ್ಥಕ್ಕೂ ಒತ್ತು ಬರುತ್ತದೆ: ಮತ್ತೆ ಮತ್ತೆ ಹೊಗಳಿಸಿಕೊಂಡವನು. ಒಂದು ಒತ್ತಕ್ಷರಕ್ಕೆ ಇಷ್ಟು ಕೆಲಸ ಮಾಡಿಸುವ ಈ ವ್ಯಾಕರಣ ನನಗೆ ತುಂಬಾ ಇಷ್ಟ.

ಪ್ರವಾದಿಯವರು ಮೆಕ್ಕಾದಲ್ಲಿ ಹುಟ್ಟಿದ್ದು ಸುಮಾರು 570ರಲ್ಲಿ. ಆಗ ಅರಬರಲ್ಲಿ ಈ ಹೆಸರು ಅಪರೂಪ. ಕುರಾನಿನಲ್ಲಿ ಮುಹಮ್ಮದ್ ಎಂಬ ಹೆಸರು ನಾಲ್ಕು ಸಲ, ಅಹ್ಮದ್ ಒಂದು ಸಲ ಬರುತ್ತದೆ. ನಾಣ್ಯದ ಮೇಲೆ ‘ಮುಹಮ್ಮದ್ ದೇವರ ದೂತ’ ಎಂಬ ಬರಹ ಮೊದಲು ಕಾಣುವುದು 680ರ ದಶಕದಲ್ಲಿ, ಇರಾನಿನ ಬಿಶಾಪುರದ ಟಂಕಸಾಲೆಯಲ್ಲಿ. ಇಸ್ಲಾಂ ಹರಡಿದಲ್ಲೆಲ್ಲ ಹೆಸರೂ ಹೋಯಿತು.

ಬ್ರಿಟನ್ನಿನ ಆ ಮೊದಲ ಸ್ಥಾನಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಒಂದು ವರ್ಷಕ್ಕೆ ಸುಮಾರು 3 ಲಕ್ಷ ಗಂಡುಮಕ್ಕಳು ಹುಟ್ಟುತ್ತಾರೆ. ಅಂದರೆ ನೂರರಲ್ಲಿ ಇಬ್ಬರಿಗೂ ಈ ಹೆಸರಿಲ್ಲ. ಸುಮಾರು 1800ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಐವರಲ್ಲಿ ಒಬ್ಬ ಗಂಡಸಿನ ಹೆಸರು ಜಾನ್ ಆಗಿತ್ತು! ಈಗ ಉಳಿದವರು ಮಕ್ಕಳಿಗೆ ಹೊಸ ಹೊಸ ಹೆಸರು ಹುಡುಕುತ್ತಾರೆ, ಎಣಿಕೆ ಚದುರಿಹೋಗುತ್ತದೆ. ಮುಸ್ಲಿಂ ಕುಟುಂಬಗಳು ಮಾತ್ರ ಒಂದೇ ಹೆಸರಿಗೆ ಭಕ್ತಿಯಿಂದ ಅಂಟಿಕೊಂಡಿವೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗುವಿನ ಹೆಸರಿನ ಮುಂದೆ ಇದನ್ನು ಬರಕತ್ತಿಗಾಗಿ ಸೇರಿಸುತ್ತಾರೆ. ದಾಖಲೆಯಲ್ಲಿ ಮಹಮ್ಮದ್ ರಫೀಕ್, ಮನೆಯಲ್ಲಿ ಸುಮ್ನೆ ರಫೀಕ್. ಮೊದಲ ಪದವನ್ನಷ್ಟೇ ಎಣಿಸುವ ಯಂತ್ರಕ್ಕೆ ರಫೀಕ್ ಕಾಣುವುದೇ ಇಲ್ಲ.

ಒಂದೇ ಹೆಸರಿನ ಹಲವು ಸ್ಪೆಲ್ಲಿಂಗ್‌ಗಳನ್ನು ಒಟ್ಟಿಗೆ ತರಲು ಹಳೆಯ ಉಪಾಯವೊಂದಿದೆ: ಸೌಂಡೆಕ್ಸ್. ಅಮೆರಿಕದಲ್ಲಿ 1918ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು, ಅಲ್ಲಿನ ಜನಗಣತಿಯ ಹೆಸರುಪಟ್ಟಿಗಳಿಗೂ ಬಳಸಿದರು. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನೂ ಹಕಾರವನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಮ-ಗೆ 5, ದ-ಗೂ ತ-ಗೂ 3. ಒತ್ತಕ್ಷರದ ಎರಡು ಮ-ಗೂ ಸೇರಿ ಒಂದೇ 5, ಮೂರು ಅಂಕಿ ತುಂಬದಿದ್ದರೆ ಕೊನೆಗೆ 0. ಆಗ ಮುಹಮ್ಮದ್, ಮೊಹಮದ್, ಮೆಹ್ಮೆತ್, ಮಮಾದು, ಮಮ್ಮದ್ ಎಲ್ಲವೂ ಎಂ530 ಆಗುತ್ತವೆ. ಸ್ವರ ಬಿಟ್ಟು ಬರೆದ ಅರಬ್ಬಿ ಲಿಪಿಗೆ ಇದು ಬಹಳ ಹತ್ತಿರ, ಅಲ್ವಾ? ಆದರೆ ಮಹಮೂದ್‌ಗೂ ಎಂ530 ಬರುತ್ತದೆ! ಅದು ಬೇರೆಯೇ ಹೆಸರು. ಅರಬ್ಬಿಯಲ್ಲಿ ಅದನ್ನು ಬೇರೆ ಮಾಡುವುದು ಒಳಗಿನ ಸ್ವರ ಮತ್ತು ಒತ್ತು. ಸೌಂಡೆಕ್ಸ್ ಎಸೆಯುವುದು ಅದನ್ನೇ.

ನಮ್ಮ ಕಚೇರಿಗಳಲ್ಲಿ ಇದರ ಹೊರೆ ಬೀಳುವುದು ಜನರ ಮೇಲೆ. ಪಹಣಿಯಲ್ಲಿ ಮಹಮದ್, ಆಧಾರ್‌ನಲ್ಲಿ ಮೊಹಮ್ಮದ್, ಅಂಕಪಟ್ಟಿಯಲ್ಲಿ ‘ಎಂಡಿ’ ಎಂಬ ಎರಡೇ ಅಕ್ಷರ. ಮೂರೂ ಒಬ್ಬರದೇ ಎಂದು ಅಫಿಡವಿಟ್ ಮಾಡಿಸಲು ಅವರೇ ಓಡಾಡಬೇಕು. ಇದು ಅವರ ತಪ್ಪಲ್ಲ. ಹೆಸರಿನ ಉಚ್ಚಾರವನ್ನು ಸಡಿಲವಾಗಿ ಹೋಲಿಸಿ, ತಂದೆಯ ಹೆಸರು ಮತ್ತು ಹುಟ್ಟಿದ ದಿನವನ್ನು ಬಿಗಿಯಾಗಿ ಹೋಲಿಸುವ ತಂತ್ರಾಂಶ ಬರೆಯುವುದು ಈಗ ಕಷ್ಟವೇನಲ್ಲ.