ಬಿ.ಟಿ. ಹತ್ತಿಯನ್ನು ಗುಲಾಬಿ ಹುಳು ಗೆದ್ದದ್ದು ಹೇಗೆ

ಅಕ್ಟೋಬರ್ ಕೊನೆಯಲ್ಲಿ ಹತ್ತಿ ಹೊಲವನ್ನು ಬದುವಿನ ಮೇಲೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಲೆ ಹಸಿರಾಗಿರುತ್ತದೆ, ಕಾಯಿ ದುಂಡಗೆ ತುಂಬಿರುತ್ತವೆ. ಎಕರೆಗೆ ಇಪ್ಪತ್ತರಂತೆ ಬೇರೆ ಬೇರೆ ಗಿಡಗಳಿಂದ ಹಸಿರು ಕಾಯಿ ಕಿತ್ತು ಚಾಕುವಿನಿಂದ ಸೀಳಬೇಕು. ಸಿಪ್ಪೆಯ ಒಳಮೈ ಮೇಲೆ ನರುಲಿಯಂಥ ಸಣ್ಣ ಉಬ್ಬು, ಕಂದು ತಿರುಗಿದ ಅರಳೆ, ಕಾಳನ್ನು ಟೊಳ್ಳು ಮಾಡಿ ಕೂತ ಗುಲಾಬಿ ಬಣ್ಣದ ಪುಟ್ಟ ಹುಳು ಕಾಣುತ್ತವೆ. ಇಪ್ಪತ್ತರಲ್ಲಿ ಎರಡು ಕಾಯಿ ಹೀಗಿದ್ದರೆ ಸುಮ್ಮನೆ ಕೂರುವಂತಿಲ್ಲ, ಕ್ರಮ ಕೈಗೊಳ್ಳಬೇಕಾದ ಮಿತಿ ಮುಟ್ಟಿದೆ ಎಂದೇ ಅರ್ಥ.

ಈ ಹುಳು ಸಾಯಬೇಕೆಂದೇ ಬಿ.ಟಿ. ಹತ್ತಿ ಬಂದದ್ದು. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಹತ್ತಿಗೆ ಸೇರಿಸಿದಾಗ ಗಿಡವೇ 'ಕ್ರೈ1ಎಸಿ' ಎಂಬ ಪ್ರೋಟೀನ್ ತಯಾರಿಸುತ್ತದೆ. ಪತಂಗ ಜಾತಿಯ ಮರಿಹುಳುಗಳ ಕರುಳಿನೊಳಗೆ ಕ್ಷಾರ ಹೆಚ್ಚು. ಅಲ್ಲಿ ಈ ಪ್ರೋಟೀನ್ ತುಂಡಾಗಿ ಚುರುಕಾಗುತ್ತದೆ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಜೀವಕೋಶಗಳಲ್ಲಿ ತೂತು ಕೊರೆಯುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ನಮ್ಮ ಕರುಳಿನಲ್ಲಿ ಆ ಗ್ರಾಹಕಗಳಿಲ್ಲ. ಸಸ್ಯಹೇನು, ಜಿಗಿಹುಳು, ಬಿಳಿನೊಣಗಳ ಮೇಲೂ ಇದು ಕೆಲಸ ಮಾಡುವುದಿಲ್ಲ. ರಸ ಹೀರುವ ಕೀಟಕ್ಕೆ ಬಿ.ಟಿ. ಹತ್ತಿಯಲ್ಲೂ ಸಿಂಪಡಣೆ ತಪ್ಪಲಿಲ್ಲವೇಕೆ ಎಂಬುದಕ್ಕೆ ಇದೇ ಉತ್ತರ.

2002ರ ಮಾರ್ಚ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಮಹಿಕೋ ಬೀಜ ಕಂಪನಿಯ ಮೂರು ಬಿ.ಟಿ. ಹೈಬ್ರಿಡ್‌ಗಳಿಗೆ (ಎರಡು ತಳಿ ಕೂಡಿಸಿ ಪಡೆದ ಬೀಜ) ಒಪ್ಪಿಗೆ ಕೊಟ್ಟಿತು. ಕರ್ನಾಟಕವೂ ಸೇರಿ ದಕ್ಷಿಣ ಮತ್ತು ಮಧ್ಯ ಭಾರತದ ಆರು ರಾಜ್ಯಗಳಲ್ಲಿ ಬಿತ್ತನೆ ಶುರುವಾಯಿತು. ಗುಜರಾತಿನಲ್ಲಿ ಮಾತ್ರ ರೈತರು ಒಪ್ಪಿಗೆಗೆ ಕಾದಿರಲಿಲ್ಲ. 2001ರಲ್ಲೇ ಅಲ್ಲಿ 'ನವಭಾರತ್ 151' ಹೆಸರಿನ ಹೈಬ್ರಿಡ್‌ನಲ್ಲಿ ಈ ವಂಶವಾಹಿ ಪತ್ತೆಯಾಗಿತ್ತು. ಸುತ್ತಲಿನ ಹೊಲಗಳನ್ನು ಹುಳು ತಿಂದಾಗ ಇದೊಂದು ನಿಂತಿದ್ದನ್ನು ರೈತರು ಕಣ್ಣಾರೆ ಕಂಡಿದ್ದರು. 2006ರಲ್ಲಿ 'ಕ್ರೈ2ಎಬಿ' ಎಂಬ ಎರಡನೆಯ ಪ್ರೋಟೀನ್ ಸೇರಿಸಿದ, ಬೋಲ್‌ಗಾರ್ಡ್-2 ಹೆಸರಿನ ಬಿ.ಟಿ. ಹತ್ತಿ ಬಂತು. ಮುಂದೆ ಹತ್ತು ವರ್ಷ ತುಂಬುವುದರೊಳಗೆ ದೇಶದ ಹತ್ತಿ ಕ್ಷೇತ್ರದ ಶೇ. 90ಕ್ಕೂ ಹೆಚ್ಚು ಭಾಗ ಬಿ.ಟಿ. ಆಗಿತ್ತು. 2013-14ರಲ್ಲಿ ದೇಶದ ಹತ್ತಿ ಉತ್ಪಾದನೆ ಸುಮಾರು 400 ಲಕ್ಷ ಬೇಲ್ ಮುಟ್ಟಿತು, ಒಂದು ಬೇಲ್‌ಗೆ 170 ಕೆ.ಜಿ. ಲೆಕ್ಕದಲ್ಲಿ. ನೀರಾವರಿ, ಗೊಬ್ಬರ, ಹೊಸ ಹೈಬ್ರಿಡ್‌ಗಳ ಪಾಲೂ ಇದರಲ್ಲಿದೆ. ಆದರೂ ಹತ್ತಿಯ ಇನ್ನೊಂದು ಪೀಡೆಯಾದ ಹಸಿರು ಕಾಯಿಕೊರಕದ ಕಾಟ ತಗ್ಗಿದ್ದು ಬಿ.ಟಿ.ಯಿಂದಲೇ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆ ಹಸಿರು ಹುಳು ಇಂದಿಗೂ ದೊಡ್ಡ ಮಟ್ಟದಲ್ಲಿ ಮರಳಿಲ್ಲ. ಗುಲಾಬಿ ಹುಳು ಮಾತ್ರ ತಿರುಗಿಬಿತ್ತು. ಕ್ರೈ1ಎಸಿಗೆ ಅದು ನಿರೋಧಕತೆ, ಅಂದರೆ ಆ ವಿಷವನ್ನು ತಾಳಿಕೊಳ್ಳುವ ಶಕ್ತಿ, ಬೆಳೆಸಿಕೊಂಡದ್ದು ಗುಜರಾತಿನ ಹೊಲಗಳಲ್ಲಿ 2009ರ ಸುಮಾರಿಗೇ ಗೊತ್ತಾಯಿತು. 2014-15ರ ಹೊತ್ತಿಗೆ ಬೋಲ್‌ಗಾರ್ಡ್-2 ಕಾಯಿಯೊಳಗೂ ಜೀವಂತ ಹುಳು ಸಿಗತೊಡಗಿದವು. 2017ರಲ್ಲಿ ಮಹಾರಾಷ್ಟ್ರದ ಬೆಳೆ ನೆಲಕಚ್ಚಿತು. ಎರಡೂ ಹುಳುಗಳು ತಿಂದದ್ದು ಅದೇ ಪ್ರೋಟೀನ್. ಹಾಗಾದರೆ ಒಂದೇ ಹೇಗೆ ಗೆದ್ದಿತು?

ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೇಟೊ, ಸೂರ್ಯಕಾಂತಿ ಎಲ್ಲವನ್ನೂ ತಿನ್ನುತ್ತದೆ. ಪಕ್ಕದ ತೊಗರಿ ಹೊಲದಲ್ಲಿ ಬಿ.ಟಿ. ವಿಷದ ಸೋಂಕೇ ಇಲ್ಲದೆ ಲಕ್ಷಾಂತರ ಪತಂಗಗಳು ಹುಟ್ಟುತ್ತವೆ. ಹತ್ತಿಯಲ್ಲಿ ಉಳಿದ ಒಂದೆರಡು ನಿರೋಧಕ ಪತಂಗಗಳಿಗೆ ಜೋಡಿಯಾಗಿ ಸಿಗುವುದು ಇವೇ. ನಿರೋಧಕತೆಯ ಗುಣ ಬಹುಮಟ್ಟಿಗೆ ಹಿಂಜರಿಯುವ ಗುಣ, ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಹುಳು ಬದುಕುತ್ತದೆ. ಹೀಗಾಗಿ ಇಂಥ ಜೋಡಿಯ ಮರಿಗಳು ಬಿ.ಟಿ. ಕಾಯಿ ತಿಂದರೆ ಸಾಯುತ್ತವೆ. ಗುಲಾಬಿ ಹುಳುವಿಗೆ ನಮ್ಮಲ್ಲಿ ಹತ್ತಿ ಬಿಟ್ಟರೆ ಬೇರೆ ಅನ್ನವಿಲ್ಲ ಎನ್ನಬಹುದು. ಇದ್ದ ಹತ್ತಿಯೆಲ್ಲ ಬಿ.ಟಿ. ಆದಾಗ ಬದುಕುಳಿದ ನಿರೋಧಕ ಪತಂಗಗಳು ತಮ್ಮಂಥವನ್ನೇ ಕೂಡಿದವು.

ಇದು ಮೊದಲೇ ತಿಳಿದಿದ್ದ ಅಪಾಯ. ಅದಕ್ಕೆಂದೇ 450 ಗ್ರಾಂ ಬಿ.ಟಿ. ಬೀಜದ ಪೊಟ್ಟಣದ ಜೊತೆ 120 ಗ್ರಾಂ ಬಿ.ಟಿ. ಅಲ್ಲದ ಬೀಜ ಕೊಡುತ್ತಿದ್ದರು, ನಿರೋಧಕತೆ ಇಲ್ಲದ ಪತಂಗಗಳು ಉಳಿಯಲು 'ಆಶ್ರಯ ಬೆಳೆ'ಯಾಗಲೆಂದು. ಹೊಲದ ಸುತ್ತ ಐದು ಸಾಲು ಇಲ್ಲವೇ ಶೇ. 20 ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಅದನ್ನು ಹಾಕಬೇಕಿತ್ತು. ಎರಡು ಎಕರೆ ಹೊಲದವನಿಗೆ ಐದನೇ ಒಂದು ಭಾಗವನ್ನು ಹುಳುವಿಗೆ ಬಿಟ್ಟುಕೊಡು ಎಂದರೆ ಯಾರು ಕೇಳುತ್ತಾರೆ? ಏಕೆ ಹಾಕಬೇಕೆಂದು ಕೂತು ವಿವರಿಸಿದವರೂ ಕಡಿಮೆ. ಹೆಚ್ಚಿನ ಪೊಟ್ಟಣಗಳು ಬದುವಿನಲ್ಲೇ ಬಿದ್ದವು. ಈಗ ಶೇ. 5ರಷ್ಟು ಬೀಜವನ್ನು ಚೀಲದೊಳಗೇ ಬೆರೆಸಿ 475 ಗ್ರಾಂ ಪೊಟ್ಟಣ ಕೊಡುತ್ತಾರೆ. ರೈತ ಬಿಟ್ಟೇನೆಂದರೂ ಬಿಡುವಂತಿಲ್ಲ. ಒಳ್ಳೆಯ ಉಪಾಯವೇ, ಆದರೆ ಹುಳು ಗೆದ್ದ ಮೇಲೆ ಬಂತು.

ಆಶ್ರಯ ಬೆಳೆ ಹಾಕದ ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೀಜದ ಬಗೆಯಲ್ಲೇ ಇದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಿ.ಟಿ. ವಂಶವಾಹಿಯನ್ನು ಶುದ್ಧ ತಳಿಗಳಲ್ಲಿ ಕೂರಿಸಿದರು. ನಮ್ಮಲ್ಲಿ ಕೂರಿಸಿದ್ದು ಹೈಬ್ರಿಡ್‌ಗಳಲ್ಲಿ. ಹೈಬ್ರಿಡ್ ಬೀಜವನ್ನು ರೈತ ಪ್ರತಿವರ್ಷ ಕೊಳ್ಳಲೇಬೇಕು, ಕಂಪನಿಗಳಿಗೆ ಅದು ಅನುಕೂಲ. ಇಂಥ ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪೋಷಕ ತಳಿ ಮಾತ್ರ ಬಿ.ಟಿ. ಆಗಿರುತ್ತದೆ. ಗಿಡದ ಎಲೆ, ಮೊಗ್ಗು, ಕಾಯಿಯ ಸಿಪ್ಪೆಯಲ್ಲಿ ವಿಷ ಇರುತ್ತದೆ. ಕಾಯಿಯೊಳಗಿನ ಕಾಳು ಮುಂದಿನ ಪೀಳಿಗೆ. ಅಲ್ಲಿ ಅನುವಂಶೀಯತೆಯ ಕುರಿತ ಮೆಂಡಲ್‌ನ ನಿಯಮದಂತೆ ಗುಣಗಳು ಒಡೆದು ಹಂಚಿಹೋಗುತ್ತವೆ. 32 ಕಾಳಿನ ಕಾಯಿ ಎಂದುಕೊಳ್ಳಿ. ಸರಾಸರಿ 18ರಲ್ಲಿ ಎರಡೂ ಪ್ರೋಟೀನ್, 12ರಲ್ಲಿ ಯಾವುದೋ ಒಂದು, 2ರಲ್ಲಿ ಎರಡೂ ಇಲ್ಲ. ಗುಲಾಬಿ ಹುಳು ತಿನ್ನುವುದು ಈ ಕಾಳನ್ನೇ. ಒಂದು ಕಾಳಿನಲ್ಲಿ ಪೂರ್ಣ ವಿಷ, ಪಕ್ಕದ ಕಾಳಿನಲ್ಲಿ ಅರ್ಧ, ಮತ್ತೊಂದರಲ್ಲಿ ಸೊನ್ನೆ. ಅರೆ ನಿರೋಧಕತೆ ಇರುವ ಹುಳುವೂ ದಾಟಿಕೊಳ್ಳಲು ಇಷ್ಟು ಸಾಕು.

ಹೈಬ್ರಿಡ್‌ಗಳು ದೀರ್ಘಾವಧಿಯವು ಎಂಬುದು ಇನ್ನೊಂದು ತೊಡಕು. 180ರಿಂದ 200 ದಿನ, ನೀರಿದ್ದರೆ ಇನ್ನೂ ಹೆಚ್ಚು ಕಾಲ ಹೊಲದಲ್ಲಿ ನಿಲ್ಲುತ್ತವೆ. ಗುಲಾಬಿ ಹುಳುವಿನ ಒಂದು ಪೀಳಿಗೆಗೆ ಸುಮಾರು ಒಂದು ತಿಂಗಳು ಬೇಕು. ಡಿಸೆಂಬರ್ ಬಳಿಕ ಬೆಳೆ ಎಳೆದಷ್ಟೂ ಪೀಳಿಗೆಗಳು ಹೆಚ್ಚುತ್ತವೆ.

ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ಇದೇ ಮೆಂಡಲ್ ನಿಯಮ ತದ್ವಿರುದ್ಧ ಫಲ ಕೊಟ್ಟಿತು. ಅಲ್ಲಿಯ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆಯ ಅಗ್ಗದ ಬೀಜ ಬಿತ್ತತೊಡಗಿದರು. ಅದರಲ್ಲಿ ನಾಲ್ಕಕ್ಕೊಂದು ಗಿಡ ಇಡಿಯಾಗಿ ಬಿ.ಟಿ. ಇಲ್ಲದ್ದು. ಯಾರೂ ಯೋಜಿಸದೆಯೇ ಹೊಲದ ತುಂಬ ಆಶ್ರಯ ಬೆಳೆ ಹರಡಿಕೊಂಡಿತು. ಏರುತ್ತಿದ್ದ ನಿರೋಧಕತೆ ಇಳಿಯಿತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಮೆರಿಕ ಬಿ.ಟಿ. ಹತ್ತಿಯ ಜೊತೆಗೆ ಬಂಜೆ ಪತಂಗಗಳನ್ನು ಕೋಟಿಗಟ್ಟಲೆ ಹಾರಿಬಿಟ್ಟು, 2018ರಲ್ಲಿ ತನ್ನ ಹತ್ತಿ ಪ್ರದೇಶಗಳಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಬುರ್ಕಿನಾ ಫಾಸೊ ದೇಶದ್ದು ಬೇರೆಯೇ ಪಾಡು. 2008ರಿಂದ ಅಲ್ಲಿ ಕೀಟವೇನೋ ಹತೋಟಿಗೆ ಬಂತು, ಆದರೆ ಅರಳೆಯ ಎಳೆ ಗಿಡ್ಡವಾಗಿ ಮಾರುಕಟ್ಟೆಯಲ್ಲಿ ಬೆಲೆ ಹೋಯಿತು, 2016ರ ಹೊತ್ತಿಗೆ ಕೈಬಿಟ್ಟರು. ಎಲ್ಲ ಕಡೆಯೂ ಫಲ ನಿರ್ಧರಿಸಿದ್ದು ವಂಶವಾಹಿಯನ್ನು ಯಾವ ತಳಿಯಲ್ಲಿ, ಎಂಥ ಬೇಸಾಯದಲ್ಲಿ ಇಟ್ಟರು ಎಂಬುದು. ಉಳಿಸಿಕೊಂಡು ಬಿತ್ತಬಹುದಾದ ಬಿ.ಟಿ. ತಳಿಯೊಂದನ್ನು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ತಂದಿತ್ತು, ಬಿಕಾನೇರಿ ನರ್ಮಾ ತಳಿಯ ಮೇಲೆ. ಅದರಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿಯ ವಂಶವಾಹಿಯ ಬೆರಕೆ ಕಂಡುಬಂದು ಮಾರಾಟ ನಿಂತಿತು. ಆ ದಾರಿ ಅಲ್ಲಿಗೇ ಕುಂಠಿತವಾದದ್ದು ರೈತರ ಪಾಲಿಗೆ ದೊಡ್ಡ ನಷ್ಟ.

ಈಗ ಹೊಲದಲ್ಲಿ ಮಾಡಬೇಕಾದದ್ದೇನು? ಕಾಯಿ ಸೇರಿದ ಹುಳುವಿಗೆ ಔಷಧ ತಾಗುವುದಿಲ್ಲ. ಮೊಟ್ಟೆಯಿಂದ ಬಂದ ಮರಿ ಬೇಗನೆ ಒಳಹೊಕ್ಕುತ್ತದೆ, ಬೆಳೆಯುವ ಕಾಯಿಯಲ್ಲಿ ಆ ತೂತು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪತಂಗದ ಹಂತದಲ್ಲೇ ಎಚ್ಚರ ಬೇಕು. ಬಿತ್ತಿದ 45 ದಿನಕ್ಕೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಗಳನ್ನು ಎಕರೆಗೆ ಎರಡರಂತೆ ಕಟ್ಟಿ, ಬಲೆಯೊಂದಕ್ಕೆ ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಸಿಂಪಡಣೆಗೆ ಇಳಿಯಬೇಕು. ಎಸಳು ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಮುದುಡಿದ ಹೂವಿನಲ್ಲಿ ಹುಳು ಇರುತ್ತದೆ, ಅವನ್ನು ಕಿತ್ತು ನಾಶಮಾಡಬೇಕು. ಆರಂಭದಲ್ಲೇ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಬಿಳಿನೊಣ ಹೆಚ್ಚುತ್ತದೆ. ಹಲವು ಔಷಧ ಕಲಸಿ ಹೊಡೆಯುವುದಂತೂ ಬೇಡ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಸಿಂಪಡಿಸುತ್ತಿದ್ದ ರೈತರು, ಕೂಲಿಗಳು ವಿಷ ತಾಗಿ ಸತ್ತರು.

ಎಲ್ಲಕ್ಕಿಂತ ಫಲ ಕೊಡುವುದು ಬೆಳೆಯನ್ನು ಬೇಗ ಮುಗಿಸುವುದು. 150-160 ದಿನದ ತಳಿ ಹಾಕಿ ಡಿಸೆಂಬರ್ ಒಳಗೆ ಹೊಲ ಖಾಲಿ ಮಾಡಬೇಕು. ಉಳಿದ ಕಾಯಿಗೆ ಕುರಿ ಬಿಟ್ಟು ಮೇಯಿಸಬಹುದು. ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ಪುಡಿಮಾಡಿ ಮಣ್ಣಿಗೆ ಸೇರಿಸಬೇಕು. ಹಂಗಾಮಿನ ಕೊನೆಯ ಹುಳುಗಳು ಎರಡು ಕಾಳುಗಳನ್ನು ನೂಲಿನಿಂದ ಜೋಡಿಸಿಕೊಂಡು ಒಳಗೆ ಸುಪ್ತಾವಸ್ಥೆಯಲ್ಲಿ ಮಲಗಿ, ಆ ಕಾಳಿನ ಜೊತೆಗೇ ಅರಳೆಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆ ಸೇರುತ್ತವೆ. ಮುಂಗಾರಿನ ಪತಂಗಗಳು ಅಲ್ಲಿಂದಲೂ ಹೊರಡುತ್ತವೆ. ಕಾರ್ಖಾನೆ ಅಂಗಳದಲ್ಲೂ ಮೋಹಕ ಬಲೆ ಕಟ್ಟಬೇಕು, ಹತ್ತಿಕಾಳನ್ನು ಬಿತ್ತನೆಗೆ ಮುಂಚೆಯೇ ಅರೆಸಿ ಮುಗಿಸಬೇಕು. ಒಬ್ಬ ರೈತ ಹೊಲ ಖಾಲಿ ಮಾಡಿದರೆ ಸಾಲದು. ಪಕ್ಕದವನು ಫೆಬ್ರವರಿವರೆಗೆ ಬೆಳೆ ಇಟ್ಟರೆ ಹುಳುವಿಗೆ ಅಲ್ಲೇ ಮನೆ ಸಿಗುತ್ತದೆ. ಇದನ್ನು ಊರಿಗೆ ಊರೇ ಒಂದೇ ವಾರದಲ್ಲಿ ಮಾಡಬೇಕಾಗುತ್ತದೆ.