ರಕ್ತ ಕಡಿಮೆ ಇದ್ದರೆ ಕಬ್ಬಿಣವೂ ಕಡಿಮೆಯೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 60.9 ಇತ್ತು. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಮೂಲಕ ಐರನ್ ಸಿರಪ್ ಹಂಚುತ್ತಲೇ ಇದ್ದೇವೆ, ಸಂಖ್ಯೆ ಮಾತ್ರ ಇಳಿದಿಲ್ಲ. ಯಾಕೆ ಎಂದು ಕೇಳಹೊರಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

1920ರ ದಶಕದಲ್ಲಿ ಪೂರ್ವ ಲಂಡನ್ನಿನ ಬಡ ಕೂಸುಗಳಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯೆ ಹೆಲೆನ್ ಮೆಕೇ, ಬಾಟಲಿ ಹಾಲು ಕುಡಿಯುವ ಶಿಶುಗಳ ರಕ್ತ ತಿಂಗಳು ಕಳೆದಂತೆ ತೆಳುವಾಗುವುದನ್ನು ಗಮನಿಸಿದರು. ಹಾಲಿನ ಜೊತೆ ಕಬ್ಬಿಣ ಕೊಟ್ಟಾಗ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಏರಿತು, ಕಾಯಿಲೆ ಬೀಳುವುದೂ ತಗ್ಗಿತು. ರಕ್ತ ಕಡಿಮೆಯಿದ್ದರೆ ಕಬ್ಬಿಣ ಕೊಡಿ ಎಂಬ ನಂಬಿಕೆ ಮಕ್ಕಳ ವೈದ್ಯದಲ್ಲಿ ಗಟ್ಟಿಯಾಗಿ ಬೇರೂರಲು ಇಂಥ ಕೆಲಸಗಳೇ ಕಾರಣ.

ಆದರೆ ಬೆರಳಿಗೆ ಚುಚ್ಚಿ ತೆಗೆದ ಹನಿ ಹೇಳುವುದು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಷ್ಟೇ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಯಲು ಫೆರಿಟಿನ್ ಪರೀಕ್ಷೆ ಬೇಕು. ಹಿಮೋಗ್ಲೋಬಿನ್ ಇಳಿಯಲು ಫೋಲೇಟ್, ಬಿ12 ಎಂಬ ಜೀವಸತ್ವಗಳ ಕೊರತೆ, ಪದೇ ಪದೇ ಬರುವ ಸೋಂಕು, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಯಾದ ಥಲಸೇಮಿಯಾ ಎಲ್ಲವೂ ಕಾರಣವಾಗಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಎಂಬ ಆನುವಂಶಿಕ ಕಾಯಿಲೆ ಕೂಡ ಹಾಗೆಯೇ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸೇಮಿಯಾ ಮಗುವಿನ ಮೈಯಲ್ಲಂತೂ ಕಬ್ಬಿಣ ಹೆಚ್ಚಾಗಿ ಹೃದಯ, ಯಕೃತ್ತಿಗೆ ಏಟು ಬೀಳುತ್ತದೆ. ಅದನ್ನು ಹೊರಹಾಕಲೆಂದೇ ಔಷಧಿ ಕೊಡಬೇಕು.

ಈ ಗೋಜಲನ್ನು ಬಿಡಿಸಲು ಆಸ್ಟ್ರೇಲಿಯಾದ ರಕ್ತರೋಗ ತಜ್ಞ ಸಂತ್-ರೈನ್ ಪಸ್ರೀಚಾ 2008ರಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಗೇ ಬಂದರು. ಎರಡು ಜಿಲ್ಲೆಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳ ರಕ್ತ ಪರೀಕ್ಷಿಸಿದಾಗ ನಾಲ್ವರಲ್ಲಿ ಮೂವರಿಗೆ ರಕ್ತಹೀನತೆ ಇತ್ತು. ಅವರ ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಫೆರಿಟಿನ್ ನೋಡಿತು, ಫೋಲೇಟ್ ನೋಡಿತು, ತಾಯಂದಿರ ರಕ್ತ ನೋಡಿತು, ಮನೆಯಲ್ಲಿ ಊಟಕ್ಕೆ ಎಷ್ಟಿದೆ ಎಂದೂ ವಿಚಾರಿಸಿತು. ಮಗುವಿನ ಹಿಮೋಗ್ಲೋಬಿನ್ ಜೊತೆ ಕಬ್ಬಿಣದ ದಾಸ್ತಾನಿಗೆ ನಂಟಿತ್ತು, ನಿಜ. ತಾಯಿಯ ಹಿಮೋಗ್ಲೋಬಿನ್‌ಗೂ ಮನೆಯ ಬಡತನಕ್ಕೂ ಅಂಥದೇ ನಂಟಿತ್ತು. ಬಸುರಿಯಲ್ಲೇ ರಕ್ತವಿಲ್ಲದೆ ಸೊರಗಿದ ತಾಯಿಯನ್ನು ಮರೆತು ಕೂಸಿಗಷ್ಟೇ ಸಿರಪ್ ಕುಡಿಸುವುದು ಎಷ್ಟು ಅರೆಬರೆ ಕೆಲಸ ಎಂಬುದು ನನಗೆ ಮನದಟ್ಟಾದದ್ದು ಈ ಅಧ್ಯಯನದಿಂದ.

ಅಷ್ಟರಲ್ಲಾಗಲೇ ಕಬ್ಬಿಣದ ಬಗ್ಗೆ ಜಗತ್ತಿನಲ್ಲಿ ದಿಗಿಲು ಹುಟ್ಟಿತ್ತು. ಮಲೇರಿಯಾ ಪೀಡಿತವಾದ ಟಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಪಡೆದ ಮಕ್ಕಳಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವ ಪ್ರಮಾಣ ಶೇ 12ರಷ್ಟು ಹೆಚ್ಚಿದ್ದನ್ನು 2006ರಲ್ಲಿ ಪ್ರಕಟವಾದ ವರದಿ ತೋರಿಸಿತ್ತು. ಆದರೆ ಅದೇ ಪ್ರಯೋಗದಲ್ಲಿ, ಮೊದಲೇ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದ ಮಕ್ಕಳಿಗೆ ಒಳ್ಳೆಯದೇ ಆಗಿತ್ತು. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂಬ ಪ್ರಶ್ನೆಗೆ ಪಸ್ರೀಚಾ ಅವರು ಹೆಪ್ಸಿಡಿನ್ ಎಂಬ ಹಾರ್ಮೋನಿನಲ್ಲಿ ಉತ್ತರ ಹುಡುಕಿದರು. ಯಕೃತ್ತಿನಲ್ಲಿ ಹುಟ್ಟುವ ಈ ಹಾರ್ಮೋನು ಕರುಳಿನ ಬಾಗಿಲು ಕಾಯುವ ಕಾವಲುಗಾರನಿದ್ದಂತೆ. ಮೈಯಲ್ಲಿ ಸೋಂಕಿದ್ದಾಗ ಇದು ಏರುತ್ತದೆ, ಆಗ ಬಾಯಿಗೆ ಹಾಕಿದ ಕಬ್ಬಿಣ ರಕ್ತಕ್ಕೆ ಸೇರುವುದು ಕಷ್ಟ.

2021ರಲ್ಲಿ ಅವರ ತಂಡ ಬಾಂಗ್ಲಾದೇಶದ 3,300 ಶಿಶುಗಳ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಎಂಟು ತಿಂಗಳ ಕೂಸುಗಳಿಗೆ ಮೂರು ತಿಂಗಳು ಕಬ್ಬಿಣ ಕೊಟ್ಟಾಗ ರಕ್ತಹೀನತೆ ಕಡಿಮೆಯಾಯಿತು. ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕಬ್ಬಿಣ ಕುಡಿಸಿದರೆ ಮಗು ಚುರುಕಾಗುತ್ತದೆ ಎಂದು ದಶಕಗಳಿಂದ ನಂಬಿದವರಿಗೆ ಇದು ದೊಡ್ಡ ಆಘಾತ.

ಇತ್ತ ರಕ್ತಹೀನತೆಯ ಗೆರೆಯೇ ಸರಿಯೇ ಎಂಬ ಚರ್ಚೆಯೂ ಎದ್ದಿತು. ಐದು ವರ್ಷದೊಳಗಿನ ಮಕ್ಕಳಿಗೆ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂ ಹಿಮೋಗ್ಲೋಬಿನ್ ಎಂಬ ಮಿತಿ 1968ರಿಂದ ಚಾಲ್ತಿಯಲ್ಲಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ದೆಹಲಿಯ ಎಚ್.ಪಿ.ಎಸ್. ಸಚ್‌ದೇವ್ ಅವರಿದ್ದ ತಂಡ ಭಾರತದ ಆರೋಗ್ಯವಂತ ಮಕ್ಕಳ ರಕ್ತವನ್ನೇ ಆಧಾರವಾಗಿಟ್ಟು ಹೊಸ ಗೆರೆ ಎಳೆದಾಗ, 1ರಿಂದ 19 ವರ್ಷದವರಲ್ಲಿ ರಕ್ತಹೀನತೆ ಶೇ 30ರಿಂದ 10.8ಕ್ಕೆ ಇಳಿಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರರಿಂದ 23 ತಿಂಗಳ ಮಕ್ಕಳ ಮಿತಿಯನ್ನು 10.5ಕ್ಕೆ ತಂದಿತು. ಗೆರೆ ಇಳಿಸಿ ಸಮಸ್ಯೆಯನ್ನೇ ಮರೆಮಾಚುವ ಅಪಾಯವೂ ಇಲ್ಲಿದೆ ಎಂಬ ಆತಂಕ ನನ್ನದು. ಎಲ್ಲ ಮಕ್ಕಳಿಗೂ ಒಂದೇ ಔಷಧಿ ಸುರಿಯುವ ಆತುರಕ್ಕಂತೂ ಇದು ಕಡಿವಾಣ.

ಹಾಗೆಂದು ಕೊರತೆ ಇರುವ ಮಗುವಿಗೆ ಸಿರಪ್ ತಪ್ಪಿಸುವಂತಿಲ್ಲ. ಕುಡಿದರೆ ಬಾಯೆಲ್ಲ ಲೋಹದ ರುಚಿ, ಮಲ ಕಪ್ಪಗಾಗುತ್ತದೆ. ಅದನ್ನು ಕಂಡು ಹೆದರಿದ ತಾಯಿ ಬಾಟಲಿಯನ್ನು ಮೂಲೆಗಿಡುತ್ತಾಳೆ. ಚಾಮರಾಜನಗರ ಜಿಲ್ಲೆಯಲ್ಲಿ ರಕ್ತರೋಗ ತಜ್ಞ ಅರುಣ್ ಶೇಟ್ ಮತ್ತು ಸಂಗಡಿಗರು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸಿ ತಂದೆತಾಯಿಗೆ ತಿಳಿಹೇಳಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅವರು ಭೇಟಿ ಕೊಟ್ಟ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ರಕ್ತಹೀನತೆಯಿಂದ ಪಾರಾದರು. ಎಂದಿನಂತೆ ಔಷಧಿಯನ್ನಷ್ಟೇ ಕೊಟ್ಟ ಹಳ್ಳಿಗಳಲ್ಲಿ ಗುಣವಾದವರು ಅದಕ್ಕಿಂತ ಕಡಿಮೆ.